ಮೌಲಾಸಾಬರ ಕಿವಿಯಲ್ಲಿದ್ದ ಸ್ವರ

ಬಿಲ್ಲು ಕೆಳಗಿಟ್ಟ ಮೇಲೂ ಬಿಲ್ಲಿನ ಸದ್ದು ನಿಲ್ಲುತ್ತಿರಲಿಲ್ಲ. ಮೌಲಾಸಾಬರ ಕಷ್ಟವೆಲ್ಲ ಅದೊಂದೇ.

ಅವರು ಜಗಳೂರಿನ ಪಿಂಜಾರರು. ಅರಳೆ ಹಿಂಜಿ ಹಾಸಿಗೆ, ದಿಂಬು ತುಂಬುವುದು ಮನೆತನದ ಕಸುಬು. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಕುರಿಯ ಕರುಳಿನಿಂದ ಹೊಸೆದ ತಂತಿ. ಬಿಲ್ಲನ್ನು ಜಂತೆಗೆ ತೂಗುಹಾಕಿ, ತಂತಿಯನ್ನು ಅರಳೆಯ ಗುಡ್ಡೆಯೊಳಗೆ ಇಳಿಸಿ, ಮರದ ಕೊಡತಿಯಿಂದ ಹೊಡೆಯಬೇಕು. ತಂತಿ ಟೊಂಯ್ ಎಂದು ಅದುರಿದಂತೆ ಅರಳೆ ಬಿಡಿಸಿಕೊಂಡು ಹಾರುತ್ತದೆ. ಗಂಟು ಅಡ್ಡ ಬಂದರೆ ಸದ್ದು ಮಂಕಾಗುತ್ತದೆ. ಆಗ ಕೈ ನಿಧಾನ ಮಾಡಿ, ಗಂಟು ಬಿಡುವವರೆಗೆ ಅಲ್ಲೇ ನಿಂತು, ಆಮೇಲೆ ಮುಂದೆ ಹೋಗಬೇಕು. ಅದು ಕಣ್ಣಿಗಿಂತ ಕಿವಿಯ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ವರ ಕೇಳಿದ ಕಿವಿ ಸಂಜೆಯ ಮೇಲೂ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಊಟಕ್ಕೆ ಕೂತಾಗ, ನಮಾಜಿಗೆ ನಿಂತಾಗ, ಹೆಂಡತಿ ರಹಮತ್‌ಬೀ ಮನೆಯ ಸುದ್ದಿ ಹೇಳುವಾಗಲೂ ಅದೇ.

1932ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿಗೆ, ಅವರು ಒಂದು ತೀರ್ಮಾನಕ್ಕೆ ಬಂದರು. ಯಾವುದಾದರೂ ವಾದ್ಯ ಕಲಿಯಬೇಕು. ಸಂಜೆ ಕೂತು ಬೇರೆ ಸ್ವರಗಳನ್ನು ನುಡಿಸಿದರೆ ಈ ಸ್ವರ ಕಿವಿ ಬಿಟ್ಟು ಹೋದೀತು.

"ಒಂದು ಸದ್ದು ಓಡ್ಸಾಕೆ ಇನ್ನೊಂದು ಸದ್ದು ತರ್ತೀರಾ?" ಎಂದರು ರಹಮತ್‌ಬೀ. "ಆಮ್ಯಾಲೆ ಅದನ್ನ ಓಡ್ಸಾಕೆ ಏನ್ ತರ್ತೀರಿ, ತೋಪಾ?"

ದೀಪಾವಳಿ ಕಳೆದರೆ ಮದುವೆಯ ಹಾಸಿಗೆಗಳ ಕಾಲ. ಮೌಲಾಸಾಬರು ಬಿಲ್ಲನ್ನು ಹೆಗಲಿಗೇರಿಸಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಿ ಬರುತ್ತಿದ್ದರು. ಆ ವರ್ಷ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರಿ ಮುರುಗೇಶಪ್ಪನವರ ಮಗಳ ಮದುವೆ. ಆರು ಹಾಸಿಗೆಯ ಕೆಲಸ, ಹತ್ತು ದಿನ. ಒಡೆದುಹೋದ ನಾಟಕ ಕಂಪನಿಯೊಂದರ ಹಾರ್ಮೋನಿಯಂ ಅವರ ಮನೆಯಲ್ಲಿತ್ತು. ಮುರುಗೇಶಪ್ಪನವರು ನಾಲ್ಕು ಮಂಗಳಾರತಿ ಪದ ನುಡಿಸಬಲ್ಲವರು, ಕಲಿಸುವ ಉತ್ಸಾಹ ಅದಕ್ಕಿಂತ ದೊಡ್ಡದು.

"ಮೊದ್ಲು ನಿನ್ನ ಶ್ರುತಿ ಯಾವ್ದು ಹೇಳು ಮೌಲಾ. ಬಾಯಿಗೆ ಬಂದದ್ದು ಒಂದು ಸ್ವರ ಹಿಡಿ," ಎಂದರು.

ಮೌಲಾಸಾಬರ ಬಾಯಿಗೆ ಬಂದದ್ದು ಬಿಲ್ಲಿನ ಸ್ವರವೇ. ಮುರುಗೇಶಪ್ಪನವರು ಹಾರ್ಮೋನಿಯಂನ ‘ಕರಿ ಒಂದು’ ಮನೆಯನ್ನು ಒತ್ತಿದರು.

"ಇದಲ್ಲ ಸಾವ್ಕಾರ್ರೆ. ಇದು ಒಂಚೂರು ಕೆಳಗೈತೆ."

"ಹಂಗಾರೆ ಇದು. ಬಿಳಿ ಎರಡು."

"ಇದು ಒಂಚೂರು ಮ್ಯಾಲಾತು. ನಂದು ಈ ಎರಡು ಮನೆ ನಡುವೆ ಐತೆ."

"ನಡುವೆ ಗ್ವಾಡೆ ಐತಪ್ಪ. ಗ್ವಾಡ್ಯಾಗೆ ಹೋಗಿ ಕೂರ್ತೀಯಾ?"

ಕೊನೆಗೆ ಕರಿ ಒಂದಕ್ಕೇ ಹೊಂದಿಕೊಳ್ಳಬೇಕೆಂದಾಯಿತು. ಅದೇ ತಪ್ಪಾಯಿತು. ಪೆಟ್ಟಿಗೆಯ ಸ್ವರ ಒಂದು ಕಡೆ, ಕಿವಿಯೊಳಗಿನದು ಕೂದಲೆಳೆಯಷ್ಟು ಮೇಲೆ. ಎರಡೂ ಒಂದಕ್ಕೊಂದು ಉಜ್ಜಿ ತಲೆ ಸಿಡಿಯತೊಡಗಿತು. ಬೇರೆಯವರಿಗೆ ಕೇಳದ ಅಪಸ್ವರವನ್ನು ಯಾರಿಗೆ ತೋರಿಸುವುದು? ಆರನೆಯ ಹಾಸಿಗೆ ಹೊಲಿದ ಸಂಜೆ ಮೌಲಾಸಾಬರು ಹಾರ್ಮೋನಿಯಂ ಮುಚ್ಚಿ, ಅದರ ಮೇಲೆ ಬಟ್ಟೆಯನ್ನೂ ಹೊದಿಸಿ ಎದ್ದರು.

ಮರುವರ್ಷ ಹೊನ್ನಾಳಿಯಲ್ಲಿ ಶಹನಾಯಿ ಊದುವ ಮುದುಕರೊಬ್ಬರ ಮನೆಗೆ ಹೋದರು. ಊದಿದ್ದು ಒಂದು ಉಸಿರು, ಕೆಮ್ಮಿದ್ದು ಬಹಳ ಹೊತ್ತು. ಮುದುಕರು ನೀರು ಕೊಟ್ಟು, ವಾದ್ಯ ಒರೆಸಿ ಗೂಟಕ್ಕೆ ಸಿಕ್ಕಿಸಿದರು. "ನಿನ್ನ ಎದ್ಯಾಗೆ ಇನ್ನೊಂದು ಹಾಸಿಗೆಗಾಗೋಷ್ಟು ಅರಳೆ ಐತೆ. ಮೊದ್ಲು ಅದನ್ನ ಹಿಂಜಪ್ಪ."

ನಾದಿನಿ ಜಹಾನಾರಾಳ ಮದುವೆಯಲ್ಲಿ ಢೋಲಕ್ ಕೈಗೆ ಬಂತು. ಹೆಂಗಸರು ಹಾಡುತ್ತಿದ್ದರು, ಬಾರಿಸುತ್ತಿದ್ದ ಅತ್ತೆಗೆ ಕೈನೋವು. ಭಾವನೇ ಬಾರಿಸಲಿ ಎಂದರು. ಒಂದೆರಡು ನುಡಿ ಚೆನ್ನಾಗಿಯೇ ನಡೆಯಿತು. ಮೂರನೆಯದರಲ್ಲಿ ಹಾಡುವವರೊಬ್ಬರು ಮಾತು ಮರೆತು ತಡವರಿಸಿದರು, ಮೌಲಾಸಾಬರ ಕೈಯೂ ಅಲ್ಲೇ ನಿಂತಿತು. ಉಳಿದವರು ಮುಂದೆ ಹೋಗಿಬಿಟ್ಟಿದ್ದರು.

"ಯಾಕೆ ನಿಂತ್ರಿ ಭಾವ?" ಎಂದಳು ಮದುಮಗಳು.

"ಗಂಟು ಸಿಕ್ಕಂಗಾತು."

ಆ ನಗು ಮದುವೆ ಮುಗಿದ ಮೇಲೂ ಮುಗಿಯಲಿಲ್ಲ. ಮನೆಯಲ್ಲಿ ಯಾರಾದರೂ ಮಾತಿನ ನಡುವೆ ತಡೆದರೆ ಸಾಕು, "ಗಂಟು ಸಿಕ್ತೇನು?" ಎಂದು ಕೇಳುವುದು ರೂಢಿಯಾಯಿತು. ಮೌಲಾಸಾಬರಿಗೆ ಅದು ಹಿಡಿಸುತ್ತಿರಲಿಲ್ಲ.

ದೊಡ್ಡ ಅನಾಹುತ ಆದದ್ದು 1938ರಲ್ಲಿ, ನ್ಯಾಮತಿಯಲ್ಲಿ. ನಿವೃತ್ತ ಶಾಲಾ ಉಪಾಧ್ಯಾಯ ಗಿಡ್ಡಪ್ಪ ಮೇಷ್ಟ್ರ ಬಳಿ ಒಂದು ಹಳೆಯ ಪಿಟೀಲಿತ್ತು. ಪಿಟೀಲಿನಲ್ಲಿ ಮನೆಗಳಿಲ್ಲ, ನಡುವೆ ಗೋಡೆಯೂ ಇಲ್ಲ, ಬೆರಳಿಟ್ಟಲ್ಲಿ ಸ್ವರ. ಇದೇ ತನ್ನದು ಎಂದು ಮೌಲಾಸಾಬರಿಗೆ ಖಾತರಿಯಾಯಿತು. ಆದರೆ ಅದರ ತಂತಿಯೊಂದು ಹರಿದುಹೋಗಿ ವರ್ಷವಾಗಿತ್ತು. "ತಂತಿ ನಂತಾವ ಐತೆ, ನಾನು ಕಟ್ತೀನಿ ಮೇಷ್ಟ್ರೆ," ಎಂದರು. ಮೇಷ್ಟ್ರು ಸ್ನಾನಕ್ಕೆ ಹೋದರು.

ತಂತಿ ಸರಿಯಾಗಿ ಬಿಗಿದಿದೆಯೋ ಇಲ್ಲವೋ ಎಂದು ತಿಳಿಯಲು ಪಿಂಜಾರನಿಗೆ ಗೊತ್ತಿರುವ ಗುರುತು ಒಂದೇ: ಬಿಲ್ಲಿನಂತೆ ಟೊಂಯ್ ಅನ್ನಬೇಕು. ಬಿಲ್ಲಿಗೆ ಬೇಕಾದ ದಪ್ಪ ತಂತಿ ಪಿಟೀಲಿನ ಮೇಲೆ ಮೊಂಡಾಗಿ ನುಡಿಯಿತು. ಮೌಲಾಸಾಬರು ಬಿಗಿದರು. ಇನ್ನೂ ಮಂಕು. ಮತ್ತೆ ಬಿಗಿದರು. ತಂತಿ ಹರಿಯಲಿಲ್ಲ, ಅದು ಒಳ್ಳೆಯ ತಂತಿ. ಪಿಟೀಲಿನ ಎದೆಹಲಗೆ ಸೀಳಿತು.

ಮೇಷ್ಟ್ರು ಒದ್ದೆ ತಲೆಯಲ್ಲೇ ಬಂದು ನಿಂತರು. "ಏನು ಮಾಡ್ದೋ ಮೌಲಾ! ಇದು ಪಿಟೀಲು ಕಣೋ, ಅರಳೆ ಹಿಂಜಾಕೆ ಇಟ್ಟಿದ್ನೇನು?"

ಮೌಲಾಸಾಬರು ಮೂರು ದಿನ ಅಲ್ಲೇ ಉಳಿದು ಮೇಷ್ಟ್ರಿಗೊಂದು ಹಾಸಿಗೆ, ಎರಡು ದಿಂಬು ಮಾಡಿಕೊಟ್ಟರು. ಮೇಷ್ಟ್ರು ಹಾಸಿಗೆ ತೆಗೆದುಕೊಂಡರು, ಮಾತು ಬಿಟ್ಟರು. ಆಮೇಲೆ ನಾಲ್ಕು ವರ್ಷ ಮೌಲಾಸಾಬರು ನ್ಯಾಮತಿಗೆ ಹೋದಾಗಲೆಲ್ಲ ಆ ಬೀದಿ ತಪ್ಪಿಸಿ, ಊರ ಹಿಂದಿನಿಂದ ಸುತ್ತಿ ಬರುತ್ತಿದ್ದರು. ವಾದ್ಯದ ಸುದ್ದಿ ಎತ್ತುವುದನ್ನೂ ನಿಲ್ಲಿಸಿದರು.

ಯುದ್ಧದ ವರ್ಷಗಳಲ್ಲಿ ಬಟ್ಟೆಗೆ ಕಂಟ್ರೋಲು ಬಂದು ಹಾಸಿಗೆಯ ಕೆಲಸ ಕುಗ್ಗಿತು. ಬಿಲ್ಲು ಸುಮ್ಮನಿದ್ದ ದಿನಗಳಲ್ಲಿ ಕಿವಿಯಾದರೂ ಸುಮ್ಮನಿರಬೇಕಿತ್ತು. ಇರಲಿಲ್ಲ. ಹೊರಗೆ ನಿಶ್ಶಬ್ದವಾದಷ್ಟೂ ಒಳಗಿನದು ಏರಿತು.

1943ರಲ್ಲಿ ಒಂದು ಬೆಳಿಗ್ಗೆ ಲಾವಣಿ ಹಾಡುವ ದುರುಗಣ್ಣ ಮನೆಗೆ ಬಂದರು. ಐವತ್ತು ದಾಟಿದ ಆಸಾಮಿ, ಕೈಯಲ್ಲಿ ದಪ್ಪು ಬಾರಿಸುತ್ತ ಸಂತೆಯಲ್ಲಿ ನಿಂತರೆ ಎತ್ತುಗಳೂ ಕತ್ತು ತಿರುಗಿಸುತ್ತಿದ್ದವು. ಅವರ ಜೊತೆ ತುಂತುಣಿ ಹಿಡಿಯುತ್ತಿದ್ದವನು ದಾವಣಗೆರೆಯ ಮಿಲ್ಲಿಗೆ ಸೇರಿಕೊಂಡಿದ್ದ. ತುಂತುಣಿಯೆಂದರೆ ತಳಕ್ಕೆ ಚರ್ಮ ಬಿಗಿದ ಮರದ ಕೊಳಗ, ಅದಕ್ಕೊಂದು ಕೋಲು, ಒಂದೇ ತಂತಿ. ಹಾಡುವವರ ಗಂಟಲಿಗೆ ಸರಿಯಾಗಿ ಬಿಗಿದು ಮೀಟುತ್ತ ಹೋಗುವುದು. ಅದರ ತಂತಿ ಹರಿದಿತ್ತು. ದುರುಗಣ್ಣ ಬಂದದ್ದು ಬರೀ ಒಂದು ತಂತಿ ಕೇಳಲು.

ಮೌಲಾಸಾಬರು ತಂತಿ ಕಟ್ಟಿದರು. ಪಿಟೀಲಿನ ನೆನಪಿನಿಂದ ಅರ್ಧಕ್ಕೇ ಕೈ ತೆಗೆದರು.

"ಬಿಗಿಯೋ ಮಾರಾಯ," ಎಂದರು ದುರುಗಣ್ಣ. "ಇನ್ನೂ ಬಿಗಿ. ಇನ್ನೊಂದೀಟು. ಹಾಂ, ಅಲ್ಲೇ! ನನ್ನ ಗಂಟ್ಲು ಅಲ್ಲೇ ಐತೆ."

ಅದು ಬಿಲ್ಲಿನ ಸ್ವರವಾಗಿತ್ತು. ಕೂದಲೆಳೆಯಷ್ಟೂ ಮೇಲಿಲ್ಲ, ಕೆಳಗಿಲ್ಲ.

"ಸಂತೆ ದಿನ ನೀನೇ ಬಂದು ಮೀಟು. ಜನ ಇಲ್ಲ ನಂತಾವ."

"ಬ್ಯಾಡಣ್ಣ," ಎಂದರು ಮೌಲಾಸಾಬರು. ಸಿಟ್ಟು ಬಂದಿತ್ತು. "ಹಗಲೆಲ್ಲ ಒಂದೇ ತಂತಿ ಬಡೀತೀನಿ. ಅದನ್ನ ಮರಿಯಾಕೆ ಹತ್ತು ವರ್ಷ ಊರೂರು ಅಲೆದೀನಿ. ಈಗ ಅದೇ ತಂತಿ, ಅದೇ ಸದ್ದು ಹಿಡ್ಕಂಡು ಸಂತ್ಯಾಗೆ ನಿಲ್ಲಲಾ?"

"ಕಲಿಯಾಕೆ ಏನೂ ಇಲ್ಲಲ್ಲೋ ಇದ್ರಾಗೆ."

"ಅದೇ ಬ್ಯಾಸರ ನಂಗೆ."

ಕೊನೆಗೆ ಸಂತೆಗೆ ಹೋದದ್ದು ರಹಮತ್‌ಬೀಯ ಮಾತಿಗೆ. "ಮನ್ಯಾಗೆ ಕೂತು ಗುಂಯ್ ಅಂತೈತೆ ಅಂತ ನನ್ನ ತಲೆ ತಿನ್ನೋ ಬದ್ಲು ಹೋಗ್ರಿ. ಸಂತೆಯೋರ ತಲೆ ತಿನ್ರಿ."

ಸಂತೆಯ ಮಧ್ಯಾಹ್ನ, ಹುಣಸೆ ಮರದ ಕೆಳಗೆ, ಮುಖ ಗಂಟು ಹಾಕಿಕೊಂಡೇ ಮೌಲಾಸಾಬರು ಮೀಟಿದರು. ದುರುಗಣ್ಣನ ದನಿ ಆ ಸ್ವರದ ಮೇಲೆ ಕಾಲಿಟ್ಟು ಏರಿತು, ಇಳಿಯಿತು, ಸುತ್ತಿ ಮತ್ತೆ ಅಲ್ಲಿಗೇ ಬಂತು. ನಡುವೆ ಒಂದು ಕಡೆ ಸಾಲು ಮರೆತು ಅವರು ತಡೆದರು. ಮೌಲಾಸಾಬರ ಕೈ ತಾನಾಗಿ ನಿಧಾನವಾಯಿತು. ಸಾಲು ಸಿಗುವವರೆಗೆ ಅಲ್ಲೇ ಮೆಲ್ಲಗೆ ಮೀಟುತ್ತ ನಿಂತಿತು, ಸಿಕ್ಕ ಕೂಡಲೇ ಹೊರಟಿತು. ಕೇಳುತ್ತಿದ್ದವರು ಅದನ್ನು ಹಾಡಿನ ಬೆಡಗೆಂದು ತಿಳಿದು ತಲೆದೂಗಿದರು.

"ಹಿಂದಿನೋನು ಬಿಟ್ಟು ಓಡಿಹೋಗ್ತಿದ್ದ," ಎಂದರು ದುರುಗಣ್ಣ, ಬೆವರು ಒರೆಸುತ್ತ. "ನೀನು ಕಾದೆ."

ಮೌಲಾಸಾಬರು ಸಂಜೆ ಮನೆಗೆ ಬಂದಾಗ ರಹಮತ್‌ಬೀ ಕೇಳಿದರು, "ಹೋತೇನ್ರೀ ಸದ್ದು?"

"ಇಲ್ಲ. ಮೀಟೋವಾಗ ಹೊರಗೆ ಇತ್ತು. ಈಗ ಮತ್ತೆ ಒಳಗೆ ಬಂದೈತೆ."

ಅಷ್ಟಾದರೂ ಸಾಕೆಂದು ಅವರು ಸಂತೆಗಳಿಗೆ ಹೋಗತೊಡಗಿದರು. ಹತ್ತು ವರ್ಷ ವ್ಯರ್ಥವಾಯಿತೆಂಬ ಮುನಿಸು ಮಾತ್ರ ಹೋಗಲಿಲ್ಲ. ಹಾರ್ಮೋನಿಯಂ ಕಂಡರೆ ಈಗಲೂ ಮುಖ ತಿರುಗಿಸುತ್ತಿದ್ದರು.

1948ರ ಹೊತ್ತಿಗೆ ದುರುಗಣ್ಣನ ಗಂಟಲು ಇಳಿದಿತ್ತು. ತುಂತುಣಿಯನ್ನೂ ಇಳಿಸಬೇಕಾಯಿತು. ಕಿವಿಯ ಸ್ವರ ಒಂದು ಕಡೆ, ತುಂತುಣಿಯದು ಕೂದಲೆಳೆಯಷ್ಟು ಕೆಳಗೆ. ಚನ್ನಗಿರಿಯ ತಲೆನೋವು ಮತ್ತೆ ಶುರುವಾಯಿತು. ಬೇರೆ ಹಾಡುಗಾರರನ್ನು ಹುಡುಕಿಕೊಳ್ಳಿ ಎಂದರು ಕೆಲವರು. ಮೌಲಾಸಾಬರು ಒಂದು ವಾರ ತಡೆದುಕೊಂಡರು. ಆಮೇಲೆ ತುಂತುಣಿಯನ್ನು ಪಕ್ಕಕ್ಕಿಟ್ಟುಕೊಂಡು ಕೂತು, ತಂದೆಯ ಕಾಲದಿಂದ ಒಂದೇ ಬಿಗಿಯಲ್ಲಿದ್ದ ಬಿಲ್ಲಿನ ತಂತಿಯನ್ನು ಸಡಿಲಿಸಿದರು, ಎರಡರ ಸ್ವರವೂ ಒಂದೇ ಆಗುವವರೆಗೆ.

ಸಡಿಲ ತಂತಿಗೆ ಅರಳೆ ಬೇಗ ಬಿಡುವುದಿಲ್ಲ. ಒಂದು ಹಾಸಿಗೆಗೆ ಅರ್ಧ ದಿನ ಹೆಚ್ಚು ಹಿಡಿಯತೊಡಗಿತು.

"ದುರುಗಣ್ಣನ ಗಂಟ್ಲು ಇಳಿದ್ರೆ ನಮ್ಮನೆ ಬಿಲ್ಲು ಯಾಕ್ರೀ ಇಳೀಬೇಕು?" ಎಂದು ರಹಮತ್‌ಬೀ ಒಳಗಿನಿಂದ ಕೂಗಿದರು.

ಮೌಲಾಸಾಬರಿಗೆ ಅರಳೆಯಲ್ಲಿ ಗಂಟು ಸಿಕ್ಕಿತ್ತು. ಅದು ಬಿಡುವವರೆಗೆ ಅಲ್ಲೇ ನಿಧಾನವಾಗಿ ಹೊಡೆಯುತ್ತಿದ್ದರು.