ಉಪ್ಪು ನೋಡಿಸುತ್ತಿದ್ದ ಅಡುಗೆಯಕ್ಕ

ರಾಣೆಬೆನ್ನೂರು ಹತ್ತಿರದ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಶುರುವಾದ ವರ್ಷ ಬಂದ ಅಡುಗೆಯಕ್ಕನಿಗೆ ಒಂದು ರೂಢಿಯಿತ್ತು. ದಿನಕ್ಕೊಂದು ಮಗುವನ್ನು ಕರೆದು ಅಂಗೈಗೆ ಸಾರು ಹನಿಸಿ, “ಉಪ್ಪು ನೋಡಿ ಹೇಳು” ಎನ್ನುತ್ತಿದ್ದಳು. ಹಸಿದ ಮಕ್ಕಳು ನಾಲಿಗೆಗೆ ತಾಗುವ ಮೊದಲೇ “ಛಲೋ ಐತ್ರಿ” ಎಂದುಬಿಡುತ್ತಿದ್ದರು.

ನಮ್ಮದು ಅಂಗಡಿ ಮನೆತನ. ಊರಾಚೆ ಗುಡಾರ ಹಾಕಿಕೊಂಡಿದ್ದ ಅಲೆಮಾರಿ ಹರಣಶಿಕಾರಿಗಳ ಮಕ್ಕಳೂ ಅಲ್ಲಿ ಉಣ್ಣುತ್ತಾರೆಂದು ಅವ್ವ ನನಗೆ ರೊಟ್ಟಿ ಡಬ್ಬಿ ಕಟ್ಟುತ್ತಿದ್ದಳು. ಡಬ್ಬಿ ತಂದವರು ನಾವು ಐದಾರು ಮಂದಿ ಬೇರೆ ಕೂರುತ್ತಿದ್ದೆವು.

ಒಂದು ದಿನ ಅಕ್ಕ ಗುಡಾರದ ಹುಡುಗಿಯೊಬ್ಬಳನ್ನು ಕರೆದಳು. ಅವಳು ಕಣ್ಣು ಮುಚ್ಚಿ ಚಪ್ಪರಿಸಿ, “ಸಪ್ಪಗ ಐತ್ರಿ ಅಕ್ಕಾರ” ಎಂದಳು. ಯಾರೋ ಕಿಸಕ್ಕನೆ ನಕ್ಕರು. ಅಕ್ಕ ನಗಲಿಲ್ಲ. ಉಪ್ಪು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮತ್ತೆ ಅದೇ ಅಂಗೈಗೆ ಸಾರು ಹನಿಸಿದಳು.

“ಈಗ ನೋಡವ್ವಾ.”

“ಈಗ ಬರೋಬ್ಬರಿ ಆತ್ರಿ.”

“ಇಷ್ಟ್ ದಿನದಾಗ ನೀನೊಬ್ಬಾಕಿ ಖರೇ ಹೇಳಿದಿ ನೋಡು.”

ಆಮೇಲೆ ಸೌಟು ಹಿಡಿದು ನನ್ನ ಮುಂದೆ ಬಂದು ನಿಂತಳು. ನನ್ನ ಹತ್ತಿರ ತಟ್ಟೆ ಇರಲಿಲ್ಲ. ಡಬ್ಬಿಯ ಮುಚ್ಚಳ ಚಾಚಿದೆ.

ಸಂಜೆ ಅವ್ವ ಕೇಳಿದಳು, “ರೊಟ್ಟಿ ಯಾಕ ಹಂಗ ಉಳದಾವು?”

“ಇವತ್ತ ಸಾಲ್ಯಾಗ ಸಾರಿಗೆ ಉಪ್ಪು ಬರೋಬ್ಬರಿ ಇತ್ತಬೇ ಯವ್ವಾ.”