ಬ್ರೆಜಿಲ್ ಊಟದ ಉಪ್ಪು

ಹುಮನಾಬಾದಿನ ಖಮರುದ್ದೀನ್ ಸುಳ್ಳು ಸಾಕ್ಷಿ ಹೇಳಿದವನಲ್ಲ. ಸಾಕ್ಷಿಯನ್ನೇ ಹೇಳದೆ ಉಳಿದವನು. ಅವನನ್ನು ಬೈಯುವ ಮೊದಲು ಅವನ ಬಾಯಿ ಮುಚ್ಚಿಸಿದ್ದು ಯಾವುದು ಎಂದು ತಿಳಿಯಬೇಕು. ಬಂದೂಕಲ್ಲ, ಲಂಚವಲ್ಲ. ಒಂದು ಊಟ.

1993ರಲ್ಲಿ ಅವನು ಇಂಡಸ್ಟ್ರಿಯಲ್ ಏರಿಯಾದ ಒಂದು ಕೆಮಿಕಲ್ ಕಾರ್ಖಾನೆಗೆ ಸೇರಿದ. ಅದೇ ವಾರ ಸೇರಿದವನು ಮೋರಖಂಡಿಯ ಗುರುನಾಥ. ಕೊರಳಲ್ಲಿ ಲಿಂಗ, ಬಾಯಲ್ಲಿ ಚೇಷ್ಟೆ. "ಖಮರೂ, ನಿನ್ನ ಡಬ್ಬಿ ಅತ್ತಾಗ ಒಯ್ಯೋ ಮಾರಾಯ, ವಾಸನಿಗಿ ನಮ್ಮ ದೇವರು ಎದ್ದು ಕುಂತಾನ" ಅನ್ನುವನು. ಅಂದವನೇ ತನ್ನ ರೊಟ್ಟಿ ಗಂಟು ತಂದು ಪಕ್ಕದಲ್ಲಿ ಬಿಚ್ಚುವನು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

2007ರ ಮೇ ತಿಂಗಳು. ಟಾಕಿ ಅಂದರೆ ಕೆಮಿಕಲ್ ತುಂಬಿಡುವ ಆಳದ ತೊಟ್ಟಿ, ಅದರ ತಳದ ಕೆಸರು ತೆಗೆಯಲು ಗುರುನಾಥನನ್ನು ಇಳಿಸಿದರು. ಮೂಗಿಗೆ ಕಟ್ಟಿಕೊಳ್ಳಲು ಒಂದು ತುಂಡು ಬಟ್ಟೆ, ಸೊಂಟಕ್ಕೆ ಹಗ್ಗ. ಮೇಲೆ ಹಗ್ಗ ಹಿಡಿದವನು ಖಮರುದ್ದೀನ್. ಎರಡು ಸಲ ಜಗ್ಗಿದರೆ ಮೇಲೆಳೆಯಬೇಕು ಎಂಬುದು ಅವರಿಬ್ಬರ ಗುರುತು. ಸ್ವಲ್ಪ ಹೊತ್ತಿಗೆ ಹಗ್ಗ ಎರಡು ಸಲ ಜಗ್ಗಿತು. ಖಮರುದ್ದೀನ್ ಎಳೆಯಲು ಕಾಲೂರಿದ. ಸೂಪರ್‌ವೈಸರ್ ಹಗ್ಗದ ಮೇಲೆ ಕೈಯಿಟ್ಟು, "ತಡಿಯೋ, ಇನ್ನೊಂದು ಬಕೆಟ್ ತುಂಬ್ಲಿ" ಅಂದ. ಹಗ್ಗ ಮತ್ತೊಮ್ಮೆ ಬಿಗಿಯಾಯಿತು. ಆಮೇಲೆ ಸಡಿಲಾಯಿತು.

"ಮದ್ಯ ಸೇವಿಸಿ, ಅನುಮತಿ ಇಲ್ಲದೆ ಟಾಕಿಗೆ ಇಳಿದ" ಎಂದು ಕಂಪನಿ ಬರೆದುಕೊಂಡಿತು. ಹೆಣ ಕೊಯ್ದು ನೋಡಿದವರ ಕಾಗದ ಇಂದಿಗೂ ಆ ಮನೆಗೆ ತಲುಪಿಲ್ಲ.

ಗುರುನಾಥನ ಹೆಂಡತಿ ಭುವನೇಶ್ವರಿ ಖಮರುದ್ದೀನನ ಮುಂದೆ ಕೇಳಿದ್ದು ಒಂದೇ. "ಹೋದ ಜೀವ ಬರಂಗಿಲ್ಲ ಭಾಯಿ. ಕುಡಕ ಅಂತ ಬರ್ದಾರಲ್ಲ, ಅದೊಂದು ಅಳಸ್ರಿ. ನಾಳಿ ನನ್ನ ಮಗಳಿಗಿ ಕುಡಕನ ಮಗಳು ಅಂತಾರ."

"ವಿಚಾರಣಿ ಬರ್ಲಿ ವೈನಿ, ಕಂಡದ್ದು ಕಂಡಂಗ ಹೇಳ್ತೀನಿ" ಅಂದ ಖಮರುದ್ದೀನ್.

ವಿಚಾರಣೆಗೆ ಮೂರು ವಾರ ಇರುವಾಗ ಕಂಪನಿಯ ಆಫೀಸರ್ ದೇವಿದಾಸ ಅವನನ್ನು ಮುಂಬೈಗೆ ಕರೆದೊಯ್ದ. ಮಾಲಕರು ನಿನ್ನ ಮಾತು ಕೇಳಬೇಕೆಂದಿದ್ದಾರೆ ಎಂಬ ನೆವ. ಆಫೀಸಿನಲ್ಲಿ ಮಾಲಕರು ಸಿಗಲಿಲ್ಲ. ಚಹಾ ಬಂತು, ಖಮರುದ್ದೀನ್ ಮುಟ್ಟಲಿಲ್ಲ. ನೀರನ್ನೂ ಒಲ್ಲೆನೆಂದ. ನಮ್ಮ ಕಡೆ ಹಿಂದೂ ಇರಲಿ, ಮುಸ್ಲಿಂ ಇರಲಿ, ಜಗಳ ಹರಿಯುವ ತನಕ ಎದುರಿನವರ ಮನೆಯಲ್ಲಿ ಬಾಯಿಗೆ ಏನೂ ಹಾಕುವುದಿಲ್ಲ. ಉಪ್ಪು ಉಂಡ ಮೇಲೆ ಆ ಮನೆಯ ವಿರುದ್ಧ ನಾಲಿಗೆ ಏಳುವುದಿಲ್ಲ. ದೇವಿದಾಸನೂ ಹುಮನಾಬಾದಿನವನೇ. ಇದು ಅವನಿಗೆ ತಿಳಿಯದ್ದೇನಲ್ಲ.

"ಬಿಡ್ರಿ, ಹೊರಗ ಹೋಟೆಲಿನ್ಯಾಗ ಉಣ್ಣೋಣು. ಹೋಟೆಲ್ ಉಪ್ಪು ಯಾರ ಮನಿದೂ ಅಲ್ಲ" ಅಂದ.

ಅದು ಸರಿ ಅನ್ನಿಸಿತು ಖಮರುದ್ದೀನನಿಗೆ. ಅವನು ಮಾಡಿದ ತಪ್ಪು ಇದೇ.

ಅದು ಬ್ರೆಜಿಲ್ ದೇಶದ ಊಟದ ಹೋಟೆಲು. ಕತ್ತಿಯಂಥ ಸಲಾಕೆಗಳಿಗೆ ಮಾಂಸ ಚುಚ್ಚಿ ಹಿಡಿದವರು ಮೇಜಿನಿಂದ ಮೇಜಿಗೆ ತಿರುಗುತ್ತಿದ್ದರು.

"ಹಲಾಲ್ ಅದ ಏನ್ರಿ?"

"ಅದ ಭಾಯಿ, ವಿಚಾರ್ಸೇ ಕರ್ಕೊಂಡು ಬಂದೀನಿ."

"ಮಸಾಲಿನೇ ಕಾಣವಲ್ದಲ್ರಿ?"

"ಅವರ ದೇಶದಾಗ ಮಸಾಲಿ ಹಚ್ಚಂಗಿಲ್ಲ. ಹರಳುಪ್ಪು ಅಷ್ಟೇ."

"ಹಂಗಾದ್ರ ಅಡಿಗಿಯವಂಗ ಪಗಾರ ಯಾಕ ಕೊಡ್ತಾರ್ರಿ?"

ಇಬ್ಬರೂ ನಕ್ಕರು. ಆಗ ಬಡಿಸುವವನು ಖಮರುದ್ದೀನನ ಕೈಗೆ ಒಂದು ಸಣ್ಣ ಚಿಮಟ ಕೊಟ್ಟ. ತಾನು ಕೊಯ್ಯುವಾಗ ಮಾಂಸದ ತುದಿ ಹಿಡಿಯಬೇಕಂತೆ. ಹಿಡಿದ. ಚಾಕು ಇಳಿದಂತೆ ಚಿಮಟವನ್ನು ಏನೋ ಜಗ್ಗಿತು. ಮತ್ತೆ ಜಗ್ಗಿತು. ಆಮೇಲೆ ಸಡಿಲಾಯಿತು.

ಎದುರಿಗೆ ಒಂದು ಬಿಲ್ಲೆ ಇತ್ತು, ಒಂದು ಮಗ್ಗುಲು ಹಸಿರು, ಇನ್ನೊಂದು ಕೆಂಪು. ಕೆಂಪು ಮೇಲೆ ಮಾಡಿದರೆ ತರುವುದು ನಿಲ್ಲಿಸುತ್ತಾರೆ. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ದೇವಿದಾಸ ತನ್ನದನ್ನು ಆಗಲೇ ತಿರುವಿಟ್ಟಿದ್ದ. ಖಮರುದ್ದೀನನ ಬಳಿಗೆ ಸಲಾಕೆ ಬರುತ್ತಲೇ ಇತ್ತು. ಹಿಡಿ, ಜಗ್ಗು, ಸಡಿಲು. ತಟ್ಟೆಗೆ ಬಿದ್ದ ಅನ್ನ ಬಿಟ್ಟೇಳುವುದು ಪಾಪವೆಂದು ಬೆಳೆದವನು, ಬಿದ್ದದ್ದನ್ನೆಲ್ಲ ತಿಂದ. ಎಷ್ಟು ಸಲ ಎಂದು ಕೇಳಿದರೆ ಈಗಲೂ ಹೇಳುವುದಿಲ್ಲ.

ಕೈ ತೊಳೆದು ಬಂದರೂ ಬಿಲ್ ಬರಲಿಲ್ಲ. ದೇವಿದಾಸ ಬಡೇಸೋಪು ಅಗಿಯುತ್ತ ಮೆತ್ತಗೆ ಅಂದ. "ನಮ್ಮ ಮಾಲಕರ ಹೋಟೆಲ್ ಭಾಯಿ ಇದು. ಮ್ಯಾಲಿನ ಮಾಳಗಿನೇ ಅವರ ಮನಿ. ನೀವು ನಮ್ಮೂರವ್ರು, ಉಪ್ಪಿನ ಮಾತು ನಿಮಗ ನಾ ಏನ್ ಹೇಳ್ಲಿ."

ವಿಚಾರಣೆಯ ದಿನ ಸರ್ಕಾರದ ಸಾಹೇಬರು, "ಗುರುನಾಥ ಕುಡಿದಿದ್ದನೇ?" ಎಂದು ಕೇಳಿದರು. ಬೆಂಚಿನ ಮೇಲೆ ಭುವನೇಶ್ವರಿ ಕೂತಿದ್ದಳು. ಖಮರುದ್ದೀನನ ಬಾಯಿ ತುಂಬ ಉಪ್ಪು ಒಸರಿತು. "ನಂದೇನೂ ಹೇಳೂದಿಲ್ರಿ" ಅಂದು ಹೊರಬಂದ. ಕುಡುಕ ಎಂಬ ಮಾತಿಗೆ ಸರ್ಕಾರದ ಮೊಹರು ಬಿತ್ತು.

ನಾನು ಕೇಳುವುದಿಷ್ಟೆ. ಹದಿನಾಲ್ಕು ವರ್ಷ ಆ ಇಬ್ಬರ ಬೆವರಿನ ಉಪ್ಪು ಉಂಡವನು ಯಾರು? ಉಪ್ಪಿನ ಋಣ ಬಡವನ ನಾಲಿಗೆಗೆ ಮಾತ್ರ ಅಂಟುತ್ತದೆಯೇ, ಮಾಲಕನ ನಾಲಿಗೆ ಬೇರೆ ಚರ್ಮದ್ದೇ?

ಖಮರುದ್ದೀನ್ ಕಾರ್ಖಾನೆ ಬಿಟ್ಟ. ಈಗ ಮಾಣಿಕನಗರದಲ್ಲಿ ಸೈಕಲ್ ಪಂಕ್ಚರ್ ತಿದ್ದುತ್ತಾನೆ. ಟ್ಯೂಬು ಎಳೆಯುವಾಗ ಒಮ್ಮೊಮ್ಮೆ ಕೈ ನಿಂತುಬಿಡುತ್ತದೆ, ಗಿರಾಕಿ ಕೂಗಿದರೂ ಕೇಳುವುದಿಲ್ಲ. ಹೆಂಡತಿ ಹಜಿರಾ ಬೀ ಬಾವಿಯ ಹಗ್ಗ ಅವನ ಕೈಗೆ ಕೊಡುವುದಿಲ್ಲ. ಒಮ್ಮೆ ಖಾಲಿ ಹಗ್ಗ ಹಿಡಿದು "ಬಂದೆ ಗುರೂ, ಬಂದೆ" ಎಂದು ಎಳೆಯುತ್ತಲೇ ಇದ್ದನಂತೆ.

ಹೋದ ತಿಂಗಳು, 2009ರ ಸುಗ್ಗಿಯಲ್ಲಿ, ಮೋರಖಂಡಿಗೆ ಹೋದ. ಭುವನೇಶ್ವರಿ ಜೋಳ ಕೇರುತ್ತಿದ್ದಳು. "ವೈನಿ, ಅಂವ ಕುಡಿದಿದ್ದಿಲ್ಲ" ಎಂದು ಶುರು ಮಾಡಿದ.

"ನನ್ನ ಮುಂದ್ಯಾಕ ಹೇಳ್ತೀರಿ? ನನಗ ಗೊತ್ತದ. ಅಲ್ಲಿ ಹೇಳ್ರಿ" ಎಂದು ಬೇವಿನ ಕಟ್ಟೆ ತೋರಿಸಿದಳು.

ಕಟ್ಟೆಯ ಮೇಲೆ ಐದಾರು ಮಂದಿ ಇದ್ದರು. ನಿಂತು ಎಲ್ಲ ಹೇಳಿದ. ಜಗ್ಗಿದ್ದು, ಬಕೆಟ್ಟಿನ ಮಾತು, ತಾನು ಎಳೆಯದೆ ನಿಂತದ್ದು.

"ಎರಡು ವರ್ಷ ಎಲ್ಲಿ ಸತ್ತಿದ್ದೆಪಾ? ಆ ಹುಡುಗಿ ಸಾಲಿ ಬಿಟ್ಟಳು" ಅಂದ ಒಬ್ಬ.

ಮುದುಕ ಬಸವಣಪ್ಪ ಕಿವಿಗೆ ಕೈಯಾನಿಸಿದ. "ಏನಂತಾನ ಇಂವ?"

ಭುವನೇಶ್ವರಿ ಕೇರುವ ಮೊರ ಹಿಡಿದುಕೊಂಡೇ ಹಿಂದೆ ಬಂದಿದ್ದಳು. "ಮುತ್ಯಾಗ ಕೇಳ್ಸಿಲ್ಲ ಭಾಯಿ. ಮೊದಲಿಂದ ಹೇಳ್ರಿ, ಜೋರ್ಲೆ."

ಮತ್ತೆ ಹೇಳಿದ. ಮುಗಿಸಿ ಚಪ್ಪಲಿ ಮೆಟ್ಟಲು ಬಾಗಿದಾಗ ಅವಳು ಹಾದಿಯತ್ತ ನೋಡುತ್ತಿದ್ದಳು.

"ನಿಂದರ್ರಿ. ಹೊಲದಿಂದ ಮಂದಿ ಬರಾಕತ್ತಾರ."