ಟವೆಲ್ ಹಾಕಿದ ಸೀಟು

ಮೈಸೂರು ಯೂನಿವರ್ಸಿಟಿಯ ಎಂ.ಎಸ್ಸಿ. ವೇಟಿಂಗ್ ಲಿಸ್ಟಿನಲ್ಲಿ ನಾನು ನಾಲ್ಕನೆಯವಳು. ಸೀಟು ಖಾಲಿಯಾದರೆ ಮನೆಗೆ ಕಾಗದ ಬರುತ್ತದೆಂದು ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದೆ. ಒಂದು ದಿನ ಕನ್ನಡಕ ರಿಪೇರಿಗೆಂದು ನಂಜನಗೂಡಿನಲ್ಲಿ ಮೈಸೂರು ಬಸ್ಸು ಹತ್ತಿದರೆ, ಉಳಿದಿದ್ದ ಒಂದೇ ಸೀಟಿಗೆ ಯಾರೋ ಕಿಟಕಿಯಿಂದ ಟವೆಲ್ ಎಸೆದಿದ್ದರು. ನಾನು ಹಿಂದೆ ಹೋಗಿ ನಿಂತೆ.

ಪಕ್ಕದ ಸೀಟಿನಲ್ಲಿದ್ದ ಹೆಡತಲೆ ಊರಿನ ಅಜ್ಜಿ ಕರೆದರು. "ಅಲ್ಯಾಕ್ ನಿಂತಿದ್ದೀಯವ್ವ? ಇಲ್ಲೇ ನಿಂತ್ಕೊ. ಟವಲ್ ಆಕ್ದೋನು ಬರ್ನಿಲ್ಲ ಅಂದ್ರೆ ಅತ್ರ ಇದ್ದೋರ್ಗೇ ಸೀಟು."

ಬಸ್ಸು ಹೊರಟರೂ ಅವನು ಬರಲಿಲ್ಲ. ಟವೆಲನ್ನು ಕಂಡಕ್ಟರ್ ಕೈಗೆ ಕೊಟ್ಟು ಕೂತೆ. ಕೂತ ಮೇಲೆ ಹೊಳೆಯಿತು: ಆಯ್ಕೆಯಾದವರು ಫೀಸು ಕಟ್ಟಲು ಇವತ್ತೇ ಕಡೆಯ ದಿನ! ಕನ್ನಡಕ ಮರೆತು ನೇರವಾಗಿ ಡಿಪಾರ್ಟ್‌ಮೆಂಟಿಗೆ ಓಡಿದೆ.

ಸಂಜೆ ಗುಮಾಸ್ತರು ಕೌಂಟರ್ ಮುಚ್ಚಿದಾಗ ಒಂದು ಸೀಟು ಉಳಿದಿತ್ತು. ಅಲ್ಲಿ ಬಂದಿದ್ದವರಿಗೇ ಕೊಡುವುದೆಂದು ವೇಟಿಂಗ್ ಲಿಸ್ಟಿನ ಮೊದಲ ಮೂರು ಹೆಸರು ಕೂಗಿದರು. ಯಾರೂ ಇಲ್ಲ. ಪಾಪ, ಅವರೂ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದರೇನೋ.

"ಇದೀನಿ ಸಾರ್!" ನನ್ನ ಹೆಸರು ಪೂರ್ತಿ ಕೂಗುವ ಮೊದಲೇ ಅಂದೆ.

"ಸೀಟು ನಿನ್ನದೇ. ಫೀಸು ನಾಳೆ ಕಟ್ಟಮ್ಮ," ಅಂದರು ನಗುತ್ತಾ.

ವಾಪಸ್ ಬರುವಾಗ ಬಸ್ಸಿನಲ್ಲಿ ಮತ್ತೊಂದು ಟವೆಲ್ ಸೀಟಿನ ಪಕ್ಕ ಧೈರ್ಯವಾಗಿ ನಿಂತೆ. ಟವೆಲ್ಲಿನವನು ಓಡೋಡಿ ಬಂದು ಕೂತ. ನಂಜನಗೂಡಿನವರೆಗೂ ನಿಂತೇ ಬಂದೆ. ಕೆಲವರು ಬಂದೂ ಬಿಡುತ್ತಾರೆ!